ಒಬ್ಬನೇ ವರ

ಡೇಟನ್ನಿನಲ್ಲಿ ಮಾರ್ಚಿ ತಿಂಗಳು. ಮ್ಯಾಡ್ ನದಿಯ ದಡದಲ್ಲಿ
ಕೊಳೆತ ಹಿಮ, ಉಪ್ಪು ತಿಂದ ಕಾರುಗಳು.
ನಮ್ಮ ಕಟ್ಟಡಕ್ಕೆ ಕಿಟಕಿ ಕಡಿಮೆ.
ಇರುವ ಒಂದರ ಪಕ್ಕ ವರ್ಲೀನ್ ಹೋಸ್ಟೆಟ್ ಕೂರುತ್ತಾಳೆ,
ಮೂವತ್ತಾರು ವರ್ಷದ ಸೇವೆಗೆ ಸಿಕ್ಕ ಬೆಳಕು.

ಅವಳ ಕೆಲಸ ಇಷ್ಟೇ:
ಪೈಪೋಟಿಯಿಲ್ಲದೆ ಕೊಡುವ ಗುತ್ತಿಗೆಗೆ
ಕಾರಣ ಬರೆದ ಕಾಗದ ಬರುತ್ತದೆ,
ಕಾರಣವೋ ನೆಪವೋ ನೋಡಬೇಕು.
ಕಾಗದಗಳಿಗೆಲ್ಲ ಒಂದೇ ಪಲ್ಲವಿ:
‘ಭೂಮಂಡಲದಲ್ಲಿ ಇದನ್ನು ಮಾಡಬಲ್ಲವರು ಇವರೊಬ್ಬರೇ.’
ಸ್ವಯಂವರ ಅಂತ ಹದಿನೈದು ದಿನ ಡಂಗುರ ಹೊಡೆಸಿ,
ಮಂಟಪದಲ್ಲಿ ಒಂದೇ ಕುರ್ಚಿ ಹಾಕಿ,
ಹಾರ ಹಿಡಿದವಳಿಗೆ
‘ನಿನ್ನಿಷ್ಟ ಕಣಮ್ಮ, ಆರಿಸಿಕೋ’ ಅಂದ ಹಾಗೆ.

ವರ್ಲೀನ್ ಪೆನ್ಸಿಲ್ ಚೂಪು ಮಾಡುತ್ತಾಳೆ.
ಹೇಳದೆ ಕೇಳದೆ ಲ್ಯಾಬಿಗೆ ನುಗ್ಗಿ
ಇಂಜಿನಿಯರನ ಬೆನ್ನ ಹಿಂದೆ ನಿಂತು ಕೇಳುತ್ತಾಳೆ:
‘ಈಗ ಮಾಡುತ್ತಿರುವುದು ಯಾರ ಕೆಲಸ?
ಯಾರ ಲೆಕ್ಕಕ್ಕೆ ಬರೆದೆ ಈ ಗಂಟೆ?’
ಒಬ್ಬ ಹುಡುಗ ಸ್ಯಾಂಡ್‌ವಿಚ್ ಕಚ್ಚಿಕೊಂಡೇ ಎದ್ದು ನಿಂತಿದ್ದನಂತೆ,
ಊಟದ ಅರ್ಧ ಗಂಟೆಯನ್ನೂ ಕ್ಷಿಪಣಿಯ ಲೆಕ್ಕಕ್ಕೆ ಬರೆದಿದ್ದವನು.
ಆ ಅರ್ಧ ಗಂಟೆ ಖಜಾನೆಗೆ ವಾಪಸು ಬಂತು. ನಗಬೇಡಿ,
ನಾನು ನಕ್ಕಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಈ ಸಲದ ಕಾಗದ ಒಂದು ಬಿಲ್ಲೆಯದು,
ಅಂಗೈಯಗಲದ ಸಿರಾಮಿಕ್ ಬಿಲ್ಲೆ,
ಕ್ಷಿಪಣಿಯ ಮೂತಿಯಲ್ಲಿ ಕೂತು ಬೆಂಕಿ ತಡೆಯುವಂಥದ್ದು.
ಸಂಶೋಧನೆ, ಅಭಿವೃದ್ಧಿ, ನಾಲ್ಕು ವರ್ಷ, ನಾಲ್ಕು ಕೋಟಿ ಡಾಲರು.
ಮಾಡಬಲ್ಲವರು: ಹ್ಯಾಲರನ್ ಸಿರಾಮಿಕ್ಸ್, ಒಬ್ಬರೇ.
‘ಸುಳ್ಳು’ ಅಂದಳು.
ಟೋಪಿ ಹಾಕುವವರನ್ನು ಹಿಡಿಯಲು
ಉಣ್ಣೆಯ ಟೋಪಿ ಹಾಕಿಕೊಂಡು ಹೊರಟಳು.

ಸುಳ್ಳಾಗಿರಲಿಲ್ಲ.
ಗೂಡಿನ ಮುಂದೆ ನಿಂತಿದ್ದ ಡೆಲ್ಬರ್ಟ್ ಪ್ರೇಟರ್,
ಎಪ್ಪತ್ತೊಂದು ವರ್ಷ, ಕೆಂಟಕಿಯ ಮಾತು, ಹುಬ್ಬು ಸುಟ್ಟ ಮುಖ.
ಬಿಲ್ಲೆ ಯಾವಾಗ ತೆಗೆಯಬೇಕೆಂದು ಮೀಟರು ನೋಡುವುದಿಲ್ಲ,
ಬಣ್ಣ ನೋಡುತ್ತಾನೆ.
‘ಹಣ್ಣಾದ ಪರ್ಸಿಮನ್ ಇರುತ್ತಲ್ಲ,
ಅದಕ್ಕಿಂತ ಒಂದು ಕೂದಲೆಳೆ ಎಳಸು’ ಅಂದ.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?
‘ನಕಾಶೆ?’ ಕೇಳಿದಳು.
‘ಕಂಪನಿಯದು. ಆಗ ಸರ್ಕಾರ ಕೊಂಡುಕೊಳ್ಳಲಿಲ್ಲವಲ್ಲ.’

ಆಗ ಎಂದರೆ ಯಾವಾಗ?
ನೆಲಮಾಳಿಗೆಯಿಂದ ಹಳೆಯ ಕಡತ ತರಿಸಿದಳು. ನಾನೇ ತಂದೆ,
ಜಿಡ್ಡುಗಟ್ಟಿದ ರಟ್ಟು, ಕ್ಲಿಪ್ಪಿನ ತುಕ್ಕು ಕಚ್ಚಿದ ಅಂಚು.
ಮೊದಲ ಗುತ್ತಿಗೆಯದು. ಮೂವರು ಬಂದಿದ್ದರು ಆಗ
ಹಾರಕ್ಕೆ ಕತ್ತು ಒಡ್ಡಿ.
ನಕಾಶೆಯ ಹಕ್ಕಿಗೆ ಬೇರೆ ಎಪ್ಪತ್ತು ಸಾವಿರ, ಎಂದಿತ್ತು ಹ್ಯಾಲರನ್.
ಬೇಡ, ಎಂದು ಒಂದು ಸಾಲು. ಉಳಿತಾಯ, ಎಂದು ಇನ್ನೊಂದು.
ಕೆಳಗೆ, ‘ಪರಿಶೀಲಿಸಿದೆ’ ಎನ್ನುವಲ್ಲಿ,
ವಿ. ಎಚ್.
ನೀಲಿ ಇಂಕು. ಎಳೆಯ ಕೈ. ಎಚ್‌ಗೆ ಸುತ್ತಿದ ಬಾಲ,
ಇಪ್ಪತ್ತಾರರ ಹುಡುಗಿಯ ಬಿಂಕ.
ಆ ಉಳಿತಾಯಕ್ಕೆ ಅವಳಿಗೊಂದು ಫಲಕವೂ ಸಿಕ್ಕಿತ್ತು,
ಈಗ ಅದರ ಮೇಲೆ ಕಾಫಿ ಲೋಟ ಇಡುತ್ತಾಳೆ.

ಮಿಕ್ಕ ಇಬ್ಬರಲ್ಲಿ ಒಬ್ಬ ಬಾಗಿಲು ಹಾಕಿದ,
ಇನ್ನೊಬ್ಬನನ್ನು ಹ್ಯಾಲರನ್ನೇ ನುಂಗಿ ನೀರು ಕುಡಿಯಿತು.
ಎಪ್ಪತ್ತು ಸಾವಿರದ ಮೊಟ್ಟೆ
ಮೂವತ್ತೈದು ವರ್ಷ ನೆಲಮಾಳಿಗೆಯಲ್ಲಿ ಕಾವು ಪಡೆದು
ಈ ನಿಜವನ್ನು ಮರಿ ಮಾಡಿದೆ.

ಐದಕ್ಕೆ ದೀಪಗಳು ತಾವಾಗಿ ಆರಿದವು. ವರ್ಲೀನ್ ಎದ್ದಿರಲಿಲ್ಲ.
ಸಹಿ ಹಾಕದಿದ್ದರೆ ಬಿಲ್ಲೆಯಿಲ್ಲ,
ಹಾಕಿದರೆ ಪೆನ್ಸಿಲಿಗೆ ಮಾನವಿಲ್ಲ.
ಕೊನೆಗೆ ಹಾಕಿದಳು. ಪೂರ್ತಿ ಹೆಸರು, ಬಾಲವಿಲ್ಲದೆ.
ಅಡಿಯಲ್ಲಿ ಷರತ್ತು:
ನಕಾಶೆ ಕೊಳ್ಳತಕ್ಕದ್ದು.
ಪ್ರೇಟರನ ಪಕ್ಕ ಇಬ್ಬರು ಹುಡುಗರನ್ನು ನಿಲ್ಲಿಸತಕ್ಕದ್ದು,
ಒಬ್ಬ ನಮ್ಮವನು,
ಬಣ್ಣ ಕಲಿಯುವವರೆಗೆ.

ಮೇಲಿನವರು ಏನು ಮಾಡಿದರೋ.
ಷರತ್ತುಗಳು ಮಹಡಿ ಹತ್ತುತ್ತ ಹತ್ತುತ್ತ ಹಗುರಾಗುತ್ತವೆ.

ಪಾರ್ಕಿಂಗಿನಲ್ಲಿ ಕಾರಿನ ಗಾಜಿನ ಹಿಮ ಕೆರೆಯುತ್ತಾ ಕೇಳಿದಳು:
‘ಪರ್ಸಿಮನ್ ಯಾವ ತಿಂಗಳು ಹಣ್ಣಾಗುತ್ತೆ, ಗೊತ್ತಾ?’
ನನಗೆ ಗೊತ್ತಿರಲಿಲ್ಲ.