ನಿಯಮ ನಾಲ್ಕು

ಗೆದ್ದು ಗೆದ್ದು ಬೇಜಾರಾಗಿತ್ತು ಹಾಲೇಶನಿಗೆ.
ನೂರಾಹನ್ನೆರಡು ವರ್ಷ ಕೋಟೆ ಅಲುಗಲಿಲ್ಲ,
ಕುಳ್ಳರು ಉಂಡರು, ಕುಡಿದರು, ಹೆತ್ತರು,
ಮಾಡಲು ಕೆಲಸವಿಲ್ಲದೆ
ಗೋಡೆಯ ಮೇಲೆ ಗೋಡೆಯದೇ ಚಿತ್ರ ಕೆತ್ತಿದರು.

ಕರೆಂಟ್ ಬಿಲ್ಲಿನ ಹಿಂದೆ ಬರೆದ:
ಒಂದು, ಮರ ಕಡಿಯುವಂತಿಲ್ಲ.
ಎರಡು, ಕೋಟೆಗೆ ಬಾಗಿಲಿಲ್ಲ.
ಮೂರು, ಬಂದವರನ್ನು ಬೇಡ ಅನ್ನುವಂತಿಲ್ಲ.

ದುರ್ಗಿಗುಡಿಯ ಮೊಬೈಲ್ ರಿಪೇರಿ ಅಂಗಡಿ, ಶಟರ್ ಅರ್ಧ ಇಳಿದಿತ್ತು.
ನಾನು ಡಬ್ಬಿ ಕೊಡಲು ಹೋದವಳು.
ಯಾರು ಹೇಳಿದ್ದೋ ನಿಂಗೆ ಇದನ್ನೆಲ್ಲ?
ಯಾರೂ ಹೇಳಿಲ್ಲ ಅಕ್ಕ, ಅದಕ್ಕೇ.
ನಾಲ್ಕನೇದು ನೀ ಹೇಳು.

ಸತ್ತವರ ಹೆಸರು ಮರೆಯುವಂತಿಲ್ಲ,
ಅಂದೆ, ಸುಮ್ಮನೆ.

ಕಲ್ಲಿನಲ್ಲಿ ಮಂಚ ಆಗುವುದಿಲ್ಲವಂತೆ, ಅದು ಆಟದ್ದೇ ಕಾನೂನು.
ಮೊದಲ ಚಳಿಗೆ ನೆಲದ ಮೇಲುರುಳಿ
ಗಡ್ಡದೊಳಗೇ ಬೈದುಕೊಂಡರು.
ವಸಂತಕ್ಕೆ ಹದಿನೇಳು ಜನ ವಲಸೆ:
ಒಬ್ಬ ಸೋಪು ಬೇಯಿಸುವವ, ಒಬ್ಬಳಿಗೆ ಬರೀ ಲೆಕ್ಕ ಬರುತ್ತೆ,
ಉಳಿದವರಿಗೆ ಹಸಿವು.
ಅವರ ಹಿಂದೆಯೇ ಕೊಡಲಿ ಹಿಡಿದವರು.

ಮೂರು, ಅಂದ ಹಾಲೇಶ,
ಕೀಲಿಮಣೆಯಿಂದ ಕೈ ತೆಗೆದು
ಮೊಣಕಾಲ ಸಂದಿಗೆ ಸಿಕ್ಕಿಸಿಕೊಂಡ.

ಬಿಲ್ಲಿನ ಹಿಂದೆ ಜಾಗ ಸಾಲಲಿಲ್ಲ.
ಮಿಕ್ಕ ಹೆಸರು ನನ್ನ ಅಂಗೈಗೆ ಬರೆದುಕೊಂಡೆ.
ಲೆಕ್ಕದವಳೊಬ್ಬಳು ಉಳಿದಳು, ಎಣಿಸುತ್ತಲೇ:
ಕಲ್ಲು ನಾನೂರು, ಮಂಚ ಸೊನ್ನೆ,
ಮರ, ಇದ್ದಷ್ಟೂ.

ತಣ್ಣಗಾದ ಚಿತ್ರಾನ್ನ ತಿನ್ನುತ್ತ,
ಚೆನ್ನಾಗಿ ಸೋತೆ ಅಲ್ವಾ, ಅಂದ.
ಅಷ್ಟು ಹೊಟ್ಟೆತುಂಬ ಅವನು ನಕ್ಕು ಬಹಳ ದಿನವಾಗಿತ್ತು.

ತುಂಗೆಯ ಸೇತುವೆ ಮೇಲೆ, ಆಟೋದಲ್ಲಿ,
ಅಂಗೈ ಬೆವರಿ ಒಂದು ಹೆಸರು ಕದಡಿತು.
ಸೋಪಿನವನದು.
ಎಷ್ಟು ತಿಕ್ಕಿ ನೋಡಿದರೂ ಮೊದಲಕ್ಷರ ಸಿಗಲಿಲ್ಲ.

ಬೆಳಿಗ್ಗೆ ಹುಣಿಸೆಹಣ್ಣು ಮುಟ್ಟದೆ ಸಾರು ಮಾಡಲು ನಿಂತೆ.
ಮನೆಯಲ್ಲಿ ಹುಣಿಸೆಹಣ್ಣಿತ್ತು.