ತಲಪಾಡಿಯ ಈಚೆ

ಹೋಗಲಿಕ್ಕೆ ಹದಿನೇಳು, ಬರಲಿಕ್ಕೆ ಹದಿನೇಳು,
ಕುಂಜತ್ತೂರಿಂದ ಪಂಪ್‌ವೆಲ್ಲಿಗೆ.
ಲೀಟರಿಗೆ ನಲವತ್ತಮೂರು ಕೊಡುವ ಸ್ಕೂಟರು,
ತಿಂಗಳಿಗೆ ಇಪ್ಪತ್ತಾರು ದಿನ.
ಲಾರಿ ಆಫೀಸಿನ ಲೆಕ್ಕ ಬರೆಯುವವಳು ನಾನು,
ನನ್ನ ಲೆಕ್ಕ ತಪ್ಪುವುದಿಲ್ಲ:
ಎರಡು ಸಾವಿರದ ನೂರಾ ಹದಿನೇಳು ರೂಪಾಯಿ
ತಿಂಗಳು ತಿಂಗಳು ಹೊಗೆ,
ಹೈವೇಯ ಮೇಲೆ.

"ಮನೆಯಿಂದಲೇ ಮಾಡು ಜಲಜಾಕ್ಷಿ,
ಬಿಲ್ಲೆಲ್ಲ ಕಂಪ್ಯೂಟರಿನಲ್ಲೇ ಉಂಟಲ್ಲ" ಅಂದರು ಧನಿ.
ನನ್ನ ಕುರ್ಚಿಯ ಜಾಗದಲ್ಲಿ ಅವರಿಗೆ
ಟಯರು ಇಡಬೇಕಿತ್ತು, ಅದು ಬೇರೆ.

ಗಡಿ ದಾಟಿಯೇ ಹಾಕಿಸುತ್ತಿದ್ದೆ ಪೆಟ್ರೋಲು.
ಈಚೆಗಿಂತ ಆಚೆ ಅಗ್ಗ,
ಇಲ್ಲಿನ ಕೂಸಿಗೂ ಗೊತ್ತು.
ರಿಸರ್ವಿನಲ್ಲಿ, ಉಸಿರು ಹಿಡಿದು,
ತೂಮಿನಾಡಿನ ಇಳಿಜಾರಲ್ಲಿ ಎಂಜಿನ್ ಆರಿಸಿ
ತಲಪಾಡಿ ಮುಟ್ಟಿದರೆ ಗೆದ್ದ ಹಾಗೆ.
ದೂಮಣ್ಣ ಕೇಳುವುದಿಲ್ಲ, ಇನ್ನೂರಕ್ಕೆ ಒತ್ತುತ್ತಾನೆ.
"ಸೊನ್ನೆ ನೋಡಿ ಅಕ್ಕ" ಅನ್ನುತ್ತಾನೆ.
ಎಷ್ಟು ವರ್ಷ ನೋಡಿದೆನೋ
ಆ ಸೊನ್ನೆಯನ್ನು!

ಈಗ ಒಂಬತ್ತಕ್ಕೆ ಊಟದ ಮೇಜೇ ಆಫೀಸು.
ಫ್ಯಾನು, ಲೈಟು, ಆಗಾಗ ಚಹಾ.
ಎರಡು ತಿಂಗಳ ಕರೆಂಟು ಬಿಲ್ಲು ಬಂತು, ಮಲಯಾಳದಲ್ಲಿ.
ಅಂಕೆ ಓದಲು ಭಾಷೆ ಬೇಡ,
ಆದರೂ ಪಕ್ಕದ ಮನೆಯ ಹುಡುಗನಲ್ಲಿ ಓದಿಸಿದೆ,
ಎಲ್ಲಾದರೂ ಮೂಲೆಯಲ್ಲಿ ಮಾಫಿ ಅಂತ ಬರೆದಿದ್ದಾರೋ ಎಂದು.
ಹೆಚ್ಚಿದ್ದು ಒಂಬೈನೂರು. ಕಳೆದೆ.
ಅಡ್ಡಿಯಿಲ್ಲ, ಲಾಭವೇ.
ಬಿಸ್ಕಿಟಿನ ಡಬ್ಬಿಯಲ್ಲಿ ನೋಟು ದಪ್ಪಗಾಗುತ್ತಿದೆ.

ಒಂದು ಬಾಬತ್ತು ಮಾತ್ರ
ಜಮೆಗೋ ಖರ್ಚಿಗೋ ತಿಳಿಯದೆ ಬಿಟ್ಟಿದ್ದೆ:
ಮೈಮೂನ.
ತೊಕ್ಕೊಟ್ಟಿನ ಬಟ್ಟೆ ಅಂಗಡಿಯವಳು,
ನಾಲ್ಕು ವರ್ಷ ನನ್ನ ಹಿಂದೆ ಕೂತವಳು.
ಶನಿವಾರ ಬಂದರೆ ನೂರರ ನೋಟು ಮಡಚಿ
ನನ್ನ ಬ್ಯಾಗಿನ ಬದಿಯ ಜೇಬಿಗೆ ತುರುಕುವಳು.
ಬೇಡ ಮಾರಾಯ್ತಿ ಅಂದರೆ
"ಪುಕ್ಕಟೆ ಕೂತರೆ ಸೊಂಟ ನೋಯುತ್ತದೆ."
ಹೆಲ್ಮೆಟ್ಟಿನೊಳಗೆ ಅವಳ ಮಾತು ಅರ್ಧ ನನಗೆ,
ಅರ್ಧ ಗಾಳಿಗೆ.
ಅವಳ ಅತ್ತೆಗೂ ನಾದಿನಿಗೂ ಬಳೆಯ ವಿಷಯದಲ್ಲಿ
ಕೊನೆಗೆ ಎಂತ ಆಯಿತೋ
ಇವತ್ತಿಗೂ ಗೊತ್ತಿಲ್ಲ.

ತಪ್ಪುವುದಿಲ್ಲ ಅಂದೆನಲ್ಲ, ತಪ್ಪಿದೆ.
ತಿಂಗಳಿಗೆ ಆ ನಾನೂರು
ಮೊದಲೇ ಕಳೆಯಬೇಕಿತ್ತು.

ನಿನ್ನೆ ಬಸ್ಸಿನಲ್ಲಿ ಕಂಡಳು,
ತುಂಬಿದ ಬಸ್ಸು, ಸರಳು ಹಿಡಿದು ನಿಂತಿದ್ದಳು.
ನಾನು ಗೇಟಿನಲ್ಲಿ, ಹಾಲಿನ ತೊಟ್ಟೆ ಹಿಡಿದು.
ಎತ್ತಲು ಅವಳಿಗೆ ಕೈ ಬಿಡುವಿರಲಿಲ್ಲ,
ಗಲ್ಲ ಎತ್ತಿದಳು.

ನಿಂತಲ್ಲೇ ನಿಂತರೆ ಬ್ಯಾಟರಿ ಕೂರುತ್ತದೆ,
ಎರಡು ದಿನಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ
ಅಂತ ಮೆಕ್ಯಾನಿಕ್ ಹೇಳಿದ್ದ.
ಇವತ್ತು ಶನಿವಾರ.
ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆಯೇ ಸ್ಟಾರ್ಟ್ ಮಾಡಿದೆ.
ಐದು ನಿಮಿಷ
ಎಲ್ಲಿಗೂ ಹೋಗದೆ ಉರಿಯಿತು ಪೆಟ್ರೋಲು,
ಹಿಂದಿನ ಸೀಟು ಸಣ್ಣಗೆ ನಡುಗುತ್ತಾ.