ಸುಣ್ಣ

ಡೋಣಿ ದಾಟಿದ ಮ್ಯಾಲೆ ಮಾತು ಬ್ಯಾಡ ಅಂದ ದಾವಲಸಾಬ.
ನಮ್ಮವು ಇಪ್ಪತ್ತು ಬೂಟು,
ಅವನವೆರಡು ಟೈರಿನ ಚಪ್ಪಲಿ.
ಕಪ್ಪತಗುಡ್ಡದ ಬಾದೆಹುಲ್ಲಿನಲ್ಲಿ ಮೊಳಕಾಲತನಕ ಇಬ್ಬನಿ;
ಮೇಲೆ ಗಾಳಿಯಂತ್ರದ ಕೆಂಪು ದೀಪ
ಇನ್ನೂ ಆರಿರಲಿಲ್ಲ.

ಕುಕ್ಕರಗಾಲಲ್ಲಿ ಕೂತು ಬೆರಳು ತೋರಿದ:
ಕಲ್ಲಿನ ಮೇಲೆ ಬೆಳ್ಳನೆ ಲದ್ದಿ, ಒಣಗಿದ್ದು.
"ಕತ್ತಿಕಿರುಬ. ಎಲುಬು ತಿಂತೈತ್ರಿ, ಅದಕ್ಕ ಹಿಂಗ."
ಬಾಗಿದವು ಹತ್ತೂ ತಲೆ
ತೀರ್ಥಕ್ಕೆಂಬಂತೆ.

ಅಂಗೈಯಲ್ಲಿ ಅವ ತಂಬಾಕು ತಿಕ್ಕುತ್ತಿದ್ದ.
ಅದನ್ನೊಮ್ಮೆ ಇದನ್ನೊಮ್ಮೆ ನೋಡಿ
ಎರಡನೇ ಕ್ಲಾಸಿನ ಶಿವಗಂಗಾ:
"ಅಜ್ಜಾ, ನಿನ್ನ ಸುಣ್ಣಾನೂ ಇದನ ಏನು?"

ಮೊದಲು ನಕ್ಕವನು ಅವನೇ.
ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.
ಆಗ ಕವಳಿ ಪೊದೆಯ ಹಿಂದಿನಿಂದ
ಏನೋ ಎದ್ದು
ಇಳಿಜಾರು ಇಳಿಯಿತು.

ನಾವು ಕಂಡದ್ದು
ಒಂದೊಂದಾಗಿ ನೆಟ್ಟಗಾಗುತ್ತಿದ್ದ ಹುಲ್ಲು.